ಡಾಕ್ಟರಾಗುವ ಮುನ್ನ ಒಂದು ವರ್ಷ

ಅಮೆರಿಕದಲ್ಲಿರುವ ಮಗಳು ಫೋನ್ ಮಾಡಿ, "ಅಪ್ಪಾ, ಇವನ ಡಿಗ್ರಿ ಮುಗೀತು. ಆದ್ರೆ ಮೆಡಿಕಲ್‌ಗೆ ಈ ವರ್ಷ ಸೇರಲ್ವಂತೆ, ಒಂದು ವರ್ಷ ಬಿಟ್ಟು ಸೇರ್ತಾನಂತೆ" ಎಂದರೆ ದಾವಣಗೆರೆಯಲ್ಲೋ ಮೈಸೂರಿನಲ್ಲೋ ಇರುವ ಅಜ್ಜನಿಗೆ ಮೊದಲು ಹೊಳೆಯುವ ಪ್ರಶ್ನೆ, "ಯಾಕಮ್ಮಾ, ಸೀಟು ಸಿಗಲಿಲ್ವಾ?" ಎಂಬುದೇ. ಸೀಟಿಗೆ ಅರ್ಜಿಯನ್ನೇ ಇನ್ನೂ ಹಾಕಿಲ್ಲ ಎಂದು ತಿಳಿದ ಮೇಲಂತೂ ಅಜ್ಜನ ಆತಂಕ ಇಮ್ಮಡಿಯಾಗುತ್ತದೆ. "ಹಾಗಾದ್ರೆ ಒಂದು ವರ್ಷ ಮನೇಲಿ ಕೂತು ಏನು ಮಾಡ್ತಾನೆ?" "ಆಂಬುಲೆನ್ಸ್‌ನಲ್ಲಿ ಕೆಲಸಕ್ಕೆ ಸೇರಿದಾನಪ್ಪ." ಅಲ್ಲಿಗೆ ಮಾತು ನಿಲ್ಲುತ್ತದೆ. ಮೊಮ್ಮಗ ಡಾಕ್ಟರಾಗುತ್ತಾನೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ ಅಜ್ಜ, ಅವನೀಗ ಆಂಬುಲೆನ್ಸಿನಲ್ಲಿ ಸ್ಟ್ರೆಚರ್ ಹೊರುತ್ತಾನೆ ಎಂದು ಯಾರ ಹತ್ತಿರ ಹೇಳಿಕೊಳ್ಳಬೇಕು?

ಇಂಥ ಸಂಭಾಷಣೆ ಈಚೆಗೆ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುತ್ತದೆ. ಅಜ್ಜನದು ತಪ್ಪಲ್ಲ. ನಮ್ಮ ಕಡೆ "ಒಂದು ವರ್ಷ ಹೋಯಿತು" ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಅದು ನಷ್ಟದ ಲೆಕ್ಕಕ್ಕೆ ಬರೆದ ವರ್ಷ. ಮದುವೆ ಮನೆಯಲ್ಲಿ ನಾಲ್ಕು ಜನರ ಎದುರು ತಾಯಿ ತಲೆ ತಗ್ಗಿಸಬೇಕಾದ ವರ್ಷ. ಆದರೆ ಅಮೆರಿಕದಲ್ಲಿ ಅದೇ ವರ್ಷವನ್ನು ಹುಡುಗರು ತಾವಾಗಿಯೇ ಕೇಳಿ ಪಡೆಯುತ್ತಾರೆ. ಅಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘವು ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಒಂದು ಪ್ರಶ್ನಾವಳಿ ಕೊಡುತ್ತದೆ. ಅದರ ಪ್ರಕಾರ ಈಚಿನ ವರ್ಷಗಳಲ್ಲಿ ಸೇರಿದವರ ಪೈಕಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಂದಿ ಪದವಿಯ ನಂತರ ಕನಿಷ್ಠ ಒಂದು ವರ್ಷ ಬಿಟ್ಟು ಬಂದವರು. ಸೇರುವಾಗಿನ ಸರಾಸರಿ ವಯಸ್ಸು 24ರ ಆಸುಪಾಸು. ನಮ್ಮಲ್ಲಿ ಆ ವಯಸ್ಸಿಗೆ ಹುಡುಗ ಎಂ.ಬಿ.ಬಿ.ಎಸ್. ಮುಗಿಸಿ ಮುಂದಿನ ಪರೀಕ್ಷೆಗೆ ಓದುತ್ತಿರುತ್ತಾನೆ.

ಈ ವ್ಯತ್ಯಾಸದ ಬೇರು ಹುಡುಕಲು ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ವೈದ್ಯಕೀಯ ಕಾಲೇಜುಗಳು ನಾಯಿಕೊಡೆಗಳಂತೆ ಹುಟ್ಟಿಕೊಂಡಿದ್ದವು. ಶುಲ್ಕ ಕೊಟ್ಟವನೇ ವಿದ್ಯಾರ್ಥಿ, ಪ್ರಯೋಗಾಲಯವಿಲ್ಲ, ರೋಗಿಯಿಲ್ಲ. 1893ರಲ್ಲಿ ಬಾಲ್ಟಿಮೋರ್‌ನಲ್ಲಿ ಆರಂಭವಾದ ಜಾನ್ಸ್ ಹಾಪ್‌ಕಿನ್ಸ್ ವೈದ್ಯಕೀಯ ಕಾಲೇಜು, ಪದವಿ ಇಲ್ಲದವರಿಗೆ ಪ್ರವೇಶವಿಲ್ಲ ಎಂದು ನಿಯಮ ಮಾಡಿತು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬುವರು ಅಮೆರಿಕ ಮತ್ತು ಕೆನಡಾಗಳ 155 ವೈದ್ಯಕೀಯ ಕಾಲೇಜುಗಳನ್ನು ಸುತ್ತಿ ನೋಡಿ, ಬಹುಪಾಲನ್ನು ಮುಚ್ಚಿಬಿಡುವುದೇ ಲೇಸೆಂದು ವರದಿ ಬರೆದರು. ಈ ಫ್ಲೆಕ್ಸ್‌ನರ್ ವೈದ್ಯರೇನಲ್ಲ, ಶಾಲೆ ನಡೆಸುತ್ತಿದ್ದ ಮೇಷ್ಟರು! ಮೇಷ್ಟರ ಕಣ್ಣಿಗೆ ಬಿದ್ದ ದೋಷವನ್ನು ವೈದ್ಯರೂ ಒಪ್ಪಬೇಕಾಯಿತು. ಮೊದಲು ಪದವಿ, ಆಮೇಲೆ ವೈದ್ಯಕೀಯ ಎಂಬ ಕ್ರಮ ಅಲ್ಲಿ ಗಟ್ಟಿಯಾಗುತ್ತ ಬಂದದ್ದು ಹೀಗೆ.

ಹಾಗಾಗಿ ಕೆಲವು ವಿಶೇಷ ಕೋರ್ಸುಗಳನ್ನು ಬಿಟ್ಟರೆ, ಅಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರು ನೇರವಾಗಿ ವೈದ್ಯಕೀಯ ಕಾಲೇಜಿನ ಬಾಗಿಲು ತಟ್ಟುವಂತಿಲ್ಲ. ಮೊದಲು 4 ವರ್ಷದ ಪದವಿ. ಇತಿಹಾಸ, ಸಂಗೀತ ಯಾವುದರಲ್ಲಾದರೂ ಸರಿ, ಜೊತೆಗೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ನಿಗದಿತ ಪಾಠಗಳನ್ನು ಓದಿರಬೇಕು. ಆಮೇಲೆ ಎಂಕ್ಯಾಟ್ ಎಂಬ ಇಡೀ ದಿನದ ಪರೀಕ್ಷೆ. ಅದಾದ ಮೇಲೆ 4 ವರ್ಷದ ಎಂ.ಡಿ. (ಅಲ್ಲಿ ಎಂ.ಡಿ. ಎಂದರೆ ನಮ್ಮ ಎಂ.ಬಿ.ಬಿ.ಎಸ್.ಗೆ ಸಮ, ಹೆಸರು ಕೇಳಿ ಮೋಸ ಹೋಗಬೇಕಿಲ್ಲ.) ಅಲ್ಲಿಂದ ಮುಂದೆ ಕನಿಷ್ಠ 3 ವರ್ಷದ ಆಸ್ಪತ್ರೆ ತರಬೇತಿ ಬೇರೆ.

ಅರ್ಜಿಯ ಕ್ಯಾಲೆಂಡರೂ ವಿಚಿತ್ರವಾದದ್ದು. ಮೇ-ಜೂನ್ ತಿಂಗಳಲ್ಲಿ ಅರ್ಜಿ ಹೋದರೆ ಸಂದರ್ಶನಗಳು ಆಗಸ್ಟ್‌ನಿಂದ ಮುಂದಿನ ವಸಂತದವರೆಗೆ ನಡೆದು, ತರಗತಿ ಶುರುವಾಗುವುದು ಅದರ ಮುಂದಿನ ಜುಲೈ-ಆಗಸ್ಟ್‌ನಲ್ಲಿ. ಅಂದರೆ ಅರ್ಜಿಗೂ ತರಗತಿಗೂ ನಡುವೆ ಒಂದು ವರ್ಷಕ್ಕೂ ಮಿಗಿಲಾದ ಅಂತರ. ಪದವಿ ಮುಗಿದ ಕೂಡಲೇ ಸೇರಬೇಕೆನ್ನುವವರು ಮೂರನೆಯ ವರ್ಷದಲ್ಲೇ ಎಂಕ್ಯಾಟ್ ಬರೆದು, ಇಪ್ಪತ್ತೊಂದು ತುಂಬುವುದರೊಳಗೆ "ವೈದ್ಯನಾಗಬೇಕೆಂದು ನನಗೇಕೆ ಅನಿಸಿತು" ಎಂಬ ಪ್ರಬಂಧವನ್ನೂ ಬರೆದು ಮುಗಿಸಿರಬೇಕು. ಬಹಳ ಮಂದಿಗೆ ಆ ವಯಸ್ಸಿನಲ್ಲಿ ಬರೆಯಲು ಏನೂ ಇರುವುದಿಲ್ಲ. ಇದ್ದದ್ದನ್ನು ಹೇಳುವುದಾದರೆ, ಬಿಡುವಿನ ವರ್ಷ ಪಡೆಯಲು ಅದೂ ಒಂದು ಕಾರಣ.

ಆ ವರ್ಷದಲ್ಲಿ ಅವರು ಮಾಡುವುದೇನು? ಕೆಲವರು ಒಂದಿಷ್ಟು ತಿಂಗಳ ತರಬೇತಿ ಪಡೆದು ಆಂಬುಲೆನ್ಸಿನ ತುರ್ತು ಸಹಾಯಕರಾಗುತ್ತಾರೆ. ಕೆಲವರು ಆಸ್ಪತ್ರೆಯಲ್ಲಿ 'ಸ್ಕ್ರೈಬ್' ಆಗುತ್ತಾರೆ. ವೈದ್ಯರು ರೋಗಿಯೊಡನೆ ಮಾತಾಡುವಾಗ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕಂಪ್ಯೂಟರಿಗೆ ಬರೆದು ಹಾಕುವ ಕೆಲಸ ಅದು. ಕೆಲವರು ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಪ್ರಯೋಗಾಲಯಗಳಲ್ಲಿ ಇಲಿ, ಜೀವಕೋಶಗಳೊಡನೆ ಒಂದೆರಡು ವರ್ಷ ಕಳೆಯುತ್ತಾರೆ. 1961ರಲ್ಲಿ ಆರಂಭವಾದ ಪೀಸ್ ಕೋರ್‌ಗೆ ಸೇರಿ ಬೇರೆ ದೇಶದ ಹಳ್ಳಿಗಳಲ್ಲಿ ಎರಡು ವರ್ಷ ಇದ್ದು ಬರುವವರೂ ಉಂಟು. ಇನ್ನು ಕೆಲವರಿಗೆ ಇದಾವುದರ ಗೊಡವೆಯೂ ಇಲ್ಲ, ಅಂಗಡಿಯಲ್ಲಿ ನಿಂತು ದುಡಿದು ಸಾಲ ತೀರಿಸುತ್ತಾರೆ. ಅಲ್ಲಿ ವೈದ್ಯಕೀಯ ಓದು ಮುಗಿಸುವ ಹೊತ್ತಿಗೆ 2 ಲಕ್ಷ ಡಾಲರ್ ಸಾಲ ಹೊತ್ತವರು ಅಪರೂಪವೇನಲ್ಲ.

ಇದೆಲ್ಲ ಮೇಲ್ನೋಟದ ಮಾತಾಯಿತು. ಒಂದು ವರ್ಷ ಒಬ್ಬ ಮನುಷ್ಯನಿಗೆ ಏನು ಮಾಡಬಲ್ಲದು ಎಂಬುದಕ್ಕೆ ಪಾಲ್ ಫಾರ್ಮರ್ ಅವರ ಕಥೆಯನ್ನೇ ಕೇಳಬೇಕು.

ಫಾರ್ಮರ್ ಹುಟ್ಟಿದ್ದು 1959ರಲ್ಲಿ. ಆರು ಮಕ್ಕಳ ಸಂಸಾರ. ಫ್ಲಾರಿಡಾದಲ್ಲಿ ಆ ಕುಟುಂಬ ಕೆಲವು ವರ್ಷ ಒಂದು ಹಳೆಯ ಬಸ್ಸಿನಲ್ಲಿ, ಆಮೇಲೆ ದೋಣಿಯಲ್ಲಿ ವಾಸ ಮಾಡಿತ್ತು. ಹುಡುಗ ಬುದ್ಧಿವಂತ, ವಿದ್ಯಾರ್ಥಿವೇತನ ಪಡೆದು ಡ್ಯೂಕ್ ವಿಶ್ವವಿದ್ಯಾಲಯ ಸೇರಿದ. ಓದಿದ್ದು ಮಾನವಶಾಸ್ತ್ರ. 1982ರಲ್ಲಿ ಪದವಿ ಬಂತು. ವೈದ್ಯನಾಗಬೇಕೆಂಬ ಆಸೆ ಇತ್ತು, ಆದರೆ ಆತ ತಕ್ಷಣ ಸೇರಲಿಲ್ಲ. ಉತ್ತರ ಕೆರೊಲಿನಾದ ತಂಬಾಕಿನ ಹೊಲಗಳಲ್ಲಿ ದುಡಿಯಲು ಬಂದಿದ್ದ ಹೈಟಿ ದೇಶದ ಕೂಲಿಗಳ ಪರಿಚಯ ಆತನಿಗೆ ಕಾಲೇಜು ದಿನಗಳಲ್ಲೇ ಆಗಿತ್ತು. ಅವರ ದೇಶ ನೋಡಬೇಕೆಂದು 1983ರಲ್ಲಿ ಹೈಟಿಗೆ ಹೋದ. ಇದ್ದದ್ದು ಒಂದು ವರ್ಷದ ಯೋಚನೆ.

ಹೈಟಿಯ ನಡುನಾಡಿನಲ್ಲಿ ಕಾಂಜ್ ಎಂಬ ಊರಿದೆ. 1956ರಲ್ಲಿ ಮುಗಿದ ಪೆಲೀಗ್ರ್ ಅಣೆಕಟ್ಟಿನಿಂದ ಆರ್ಟಿಬೊನೀಟ್ ನದಿಯ ದಂಡೆಯ ಫಲವತ್ತಾದ ಹೊಲಗಳೆಲ್ಲ ನೀರುಪಾಲಾದಾಗ, ಗುಡ್ಡ ಹತ್ತಿ ನೆಲೆ ನಿಂತ ರೈತರ ಊರು ಅದು. ವಿದ್ಯುತ್ತು ರಾಜಧಾನಿಗೆ ಹೋಯಿತು, ಊರಿಗೆ ಉಳಿದದ್ದು ಕಲ್ಲುಗುಡ್ಡ. ಶರಾವತಿ ಕಣಿವೆಯ ಮುಳುಗಡೆಯನ್ನು ಕಂಡು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫಾರ್ಮರ್ ಅಲ್ಲಿನ ಪಾದ್ರಿ ಫ್ರಿಟ್ಸ್ ಲಾಫಾಂಟಾಂ ಅವರ ಜೊತೆ ಸೇರಿ, ಊರಿನ ತರುಣರನ್ನು ಕಟ್ಟಿಕೊಂಡು ಮನೆಮನೆಗೆ ಹೋಗಿ ಆರೋಗ್ಯದ ಗಣತಿ ಆರಂಭಿಸಿದ. ಎಷ್ಟು ಜನ, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಸತ್ತರು, ಕುಡಿಯುವ ನೀರು ಎಲ್ಲಿಯದು. ಔಷಧದ ವಿಷಯ ಏನೂ ಗೊತ್ತಿಲ್ಲದ ತರುಣನೂ ಮಾಡಬಹುದಾದ ಕೆಲಸ ಅದು.

ಆ ವರ್ಷವೇ ಲಿಯೋಗಾನ್ ಎಂಬ ಊರಿನ ಆಸ್ಪತ್ರೆಯಲ್ಲಿ ಆತ ಸ್ವಯಂಸೇವಕನಾಗಿದ್ದಾಗ ನಡೆದ ಘಟನೆಯನ್ನು ಟ್ರೇಸಿ ಕಿಡರ್ ಎಂಬ ಲೇಖಕರು 2003ರಲ್ಲಿ ಪ್ರಕಟಿಸಿದ ಜೀವನಕಥೆಯಲ್ಲಿ ದಾಖಲಿಸಿದ್ದಾರೆ. ಮಲೇರಿಯಾ ಬಂದ ತುಂಬು ಬಸುರಿಯೊಬ್ಬಳನ್ನು ಆಸ್ಪತ್ರೆಗೆ ತಂದರು. ಮಲೇರಿಯಾದ ಪರೋಪಜೀವಿ ಬೆಳೆಯುವುದು ಕೆಂಪು ರಕ್ತಕಣಗಳ ಒಳಗೆ. ಬೆಳೆದು ಹೊರಬರುವಾಗ ಆ ಕಣಗಳನ್ನೇ ಒಡೆದುಕೊಂಡು ಬರುತ್ತದೆ. ಮೊದಲೇ ರಕ್ತ ಸಾಲದ ಬಸುರಿಗೆ ಇದು ಪ್ರಾಣಕ್ಕೇ ಸಂಚಕಾರ. ಆಕೆಗೆ ಕೂಡಲೇ ರಕ್ತ ಕೊಡಬೇಕಿತ್ತು. ರಕ್ತ ಇದ್ದದ್ದು ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ, ಅದಕ್ಕೆ ಹಣ ಕೊಡಬೇಕು. ಫಾರ್ಮರ್ ಆಸ್ಪತ್ರೆಯಲ್ಲೆಲ್ಲ ಓಡಾಡಿ ಅವರಿವರಿಂದ 15 ಡಾಲರ್ ಕೂಡಿಸಿ ಆಕೆಯ ಅಕ್ಕನ ಕೈಗೆ ಕೊಟ್ಟ. ಅಕ್ಕ ಹೋದಳು, ಬರಿಗೈಯಲ್ಲಿ ಬಂದಳು. ಪ್ರಯಾಣಕ್ಕೂ ರಕ್ತಕ್ಕೂ ಸೇರಿ ಆ ಹಣ ಸಾಕಾಗಿರಲಿಲ್ಲ. ಅಷ್ಟರಲ್ಲಿ ಬಸುರಿಯ ಪ್ರಾಣ ಹೋಗುತ್ತಿತ್ತು. ಹಣವಿಲ್ಲದ ಮಾತ್ರಕ್ಕೆ ನಾವು ಮನುಷ್ಯರಲ್ಲವೇ ಎಂಬ ಅರ್ಥದಲ್ಲಿ ಆ ಅಕ್ಕ ಅತ್ತಳಂತೆ.

ಆಸ್ಪತ್ರೆಯಲ್ಲೇ ರಕ್ತ ಸಂಗ್ರಹಿಸುವ ಸಲಕರಣೆ ಇರಬೇಕೆಂದು ಫಾರ್ಮರ್ ಬಂಧುಮಿತ್ರರಿಗೆಲ್ಲ ಪತ್ರ ಬರೆದು ಹಣ ಎತ್ತಿದ. ಸಲಕರಣೆ ಬಂದ ಮೇಲೆ ತಿಳಿದದ್ದು, ಅದನ್ನು ಬಳಸಲು ಆಸ್ಪತ್ರೆ ರೋಗಿಗಳಿಂದ ಶುಲ್ಕ ಪಡೆಯುತ್ತದೆ ಎಂದು. ಆ ಅಕ್ಕನಂಥವರಿಗೆ ಅದು ಮತ್ತೆ ರಾಜಧಾನಿಯಷ್ಟೇ ದೂರ. ಈ ಪಾಠ ಯಾವ ವೈದ್ಯಕೀಯ ಪಠ್ಯಪುಸ್ತಕದಲ್ಲೂ ಇರಲಾರದು. ಚೀಟಿ ಬರೆಯುವ ವೈದ್ಯನಿಗೂ ಔಷಧ ನುಂಗುವ ರೋಗಿಗೂ ನಡುವೆ ಒಂದು ಬಸ್ ಚಾರ್ಜು ಇದೆ, ಒಂದು ದಿನದ ಕೂಲಿ ಇದೆ, ಮನೆಯಲ್ಲಿ ಮಗುವನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಇದೆ.

1984ರಲ್ಲಿ ಫಾರ್ಮರ್ ಹಾರ್ವರ್ಡ್ ವೈದ್ಯಕೀಯ ಕಾಲೇಜು ಸೇರಿದ. ಸೇರಿದ್ದೇನೋ ನಿಜ, ಪುಸ್ತಕ ಕಟ್ಟಿಕೊಂಡು ಮತ್ತೆ ಹೈಟಿಗೇ ಹೊರಟ! ಪರೀಕ್ಷೆಗೆ, ಪ್ರಯೋಗಾಲಯದ ತರಗತಿಗೆ ಬಾಸ್ಟನ್‌ಗೆ ಹಾರಿ ಬರುವುದು, ಮುಗಿಸಿ ಕಾಂಜ್‌ಗೆ ಮರಳುವುದು. ಹಾಗಿದ್ದೂ ಅಂಕಗಳು ಉತ್ತಮವಾಗಿಯೇ ಬಂದವು. (ಹಾಜರಾತಿ ರಿಜಿಸ್ಟರು ಹಿಡಿದು ಕೂಗುವ ನಮ್ಮ ಕಾಲೇಜುಗಳಲ್ಲಿ ಈತನ ಗತಿ ಏನಾಗುತ್ತಿತ್ತೋ!) 1987ರಲ್ಲಿ ಗೆಳೆಯರೊಂದಿಗೆ 'ಪಾರ್ಟ್‌ನರ್ಸ್ ಇನ್ ಹೆಲ್ತ್' ಸಂಸ್ಥೆ ಕಟ್ಟಿದ. ಆ ಗೆಳೆಯರಲ್ಲೊಬ್ಬಳು ಅದೇ ಬಿಡುವಿನ ವರ್ಷದಲ್ಲಿ ಹೈಟಿಯಲ್ಲಿ ಪರಿಚಯವಾದ, ಆಗ 18 ವರ್ಷದ ಒಫೀಲಿಯಾ ಡಾಲ್; ಮಕ್ಕಳ ಕಥೆಗಳಿಂದ ಪ್ರಸಿದ್ಧರಾದ ರೋಲ್ಡ್ ಡಾಲ್ ಅವರ ಮಗಳು. 1990ರಲ್ಲಿ ಎಂ.ಡಿ. ಮತ್ತು ಮಾನವಶಾಸ್ತ್ರದ ಪಿಎಚ್.ಡಿ. ಎರಡೂ ಕೈಗೆ ಬಂದವು.

ಮೊದಲ ವರ್ಷ ಕಲಿತದ್ದು ಎಲ್ಲಿ ಫಲ ಕೊಟ್ಟಿತು ಎಂದರೆ ಕ್ಷಯರೋಗದಲ್ಲಿ. ಕ್ಷಯಕ್ಕೆ ತಿಂಗಳುಗಟ್ಟಲೆ ಬಿಡದೆ ಮಾತ್ರೆ ನುಂಗಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ, ಔಷಧಕ್ಕೆ ಬಗ್ಗದ ರೋಗಾಣು ಹುಟ್ಟುತ್ತದೆ. ಮಾತ್ರೆ ಬಿಟ್ಟವರನ್ನು ಅಜ್ಞಾನಿಗಳು, ಮಾಟಮಂತ್ರ ನಂಬುವವರು ಎಂದು ದೂರುವುದು ರೂಢಿಯಾಗಿತ್ತು. ಕಾಂಜ್‌ನಲ್ಲಿ ಡಾ. ಫಾರ್ಮರ್ ಮತ್ತು ಸಂಗಡಿಗರು ರೋಗಿಗಳ ಎರಡು ಗುಂಪು ಮಾಡಿದರು. ಎರಡಕ್ಕೂ ಔಷಧ ಉಚಿತ. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ಆಹಾರ ಮತ್ತು ಪ್ರಯಾಣಕ್ಕೆಂದು ತಿಂಗಳಿಗೆ ಸುಮಾರು 30 ಡಾಲರ್, ಮನೆಗೆ ಬಂದು ವಿಚಾರಿಸಲು ಊರಿನದೇ ಆರೋಗ್ಯ ಕಾರ್ಯಕರ್ತರು. ಆ ಗುಂಪಿನಲ್ಲಿ ಎಲ್ಲರೂ ಗುಣವಾದರು. ಬರೀ ಔಷಧ ಪಡೆದವರಲ್ಲಿ ಪೂರ್ತಿ ಗುಣವಾದವರು ಸುಮಾರು ಅರ್ಧ. ಮಾಟಮಂತ್ರದಲ್ಲಿ ನಂಬಿಕೆ ಎರಡೂ ಗುಂಪಿನಲ್ಲಿ ಇತ್ತು. ಗುಣವಾಗುವುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಲಿಯೋಗಾನ್‌ನ 15 ಡಾಲರ್ ಲೆಕ್ಕ ಮರೆಯದವರಿಗೆ ಮಾತ್ರ ಇಂಥ ಪ್ರಯೋಗ ಹೊಳೆಯಲು ಸಾಧ್ಯ. 2013ರಲ್ಲಿ ಹೈಟಿಯ ಮಿರ್ಬಲೇ ಎಂಬಲ್ಲಿ ಅವರ ಸಂಸ್ಥೆಯ ನೆರವಿನಿಂದ 300 ಹಾಸಿಗೆಯ ಬೋಧನಾ ಆಸ್ಪತ್ರೆ ಆರಂಭವಾಯಿತು. ಫಾರ್ಮರ್ 2022ರ ಫೆಬ್ರವರಿ 21ರಂದು ಆಫ್ರಿಕದ ರ್ವಾಂಡಾ ದೇಶದ ಬುಟಾರೊದಲ್ಲಿ ತೀರಿಕೊಂಡರು. 62 ವರ್ಷ, ಕೊನೆಗೂ ಅವರು ಇದ್ದದ್ದು ಪಾಠ ಹೇಳುತ್ತ, ರೋಗಿಗಳ ನಡುವೆಯೇ.

ಇಷ್ಟು ದೂರದ ಕಥೆ ಏಕೆ, ನಮ್ಮ ಪಕ್ಕದ ವೆಲ್ಲೂರಿನ ಆಸ್ಪತ್ರೆಯ ಮೂಲದಲ್ಲೂ ಇಂಥದೇ ಒಂದು ಬಿಡುವಿದೆ. ಕೋಲಾರ, ಬೆಂಗಳೂರು ಕಡೆಯ ಎಷ್ಟೋ ಕುಟುಂಬಗಳು ಕೊನೆಯ ಆಸರೆ ಎಂದು ಹೋಗುವ ಆ ಆಸ್ಪತ್ರೆಯನ್ನು ಕಟ್ಟಿದವರು ಐಡಾ ಸ್ಕಡರ್. 1870ರಲ್ಲಿ ತಮಿಳುನಾಡಿನ ರಾಣಿಪೇಟೆಯಲ್ಲಿ ಹುಟ್ಟಿದ ಆಕೆ ಅಮೆರಿಕದಲ್ಲಿ ಓದು ಮುಗಿಸಿ, 1890ರಲ್ಲಿ ತಾಯಿಗೆ ಹುಷಾರಿಲ್ಲವೆಂದು ತಿಂಡಿವನಕ್ಕೆ ಬಂದದ್ದು ಕೆಲವು ಕಾಲ ಇದ್ದು ಹೋಗಲು. ವೈದ್ಯಳಾಗುವ ಆಸೆ ಎಳ್ಳಷ್ಟೂ ಇರಲಿಲ್ಲ. ಒಂದು ರಾತ್ರಿ ಒಬ್ಬರ ಹಿಂದೊಬ್ಬರಂತೆ ಮೂವರು ಗಂಡಸರು ಬಂದು, ಹೆರಿಗೆ ಕಷ್ಟವಾಗಿರುವ ತಮ್ಮ ಹೆಂಡತಿಯನ್ನು ನೋಡಬೇಕೆಂದು ಆಕೆಯನ್ನು ಬೇಡಿಕೊಂಡರು. ಆಕೆಯ ತಂದೆ ವೈದ್ಯರು, ಮನೆಯಲ್ಲೇ ಇದ್ದರು. ಆದರೆ ಪರಪುರುಷ ಒಳಗೆ ಬರಕೂಡದು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ಸತ್ತರು. 1895ರಲ್ಲಿ ಐಡಾ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು ಸೇರಿ, ಕೊನೆಗೆ ಕಾರ್ನೆಲ್‌ನಿಂದ 1899ರಲ್ಲಿ ಪದವಿ ಪಡೆದರು. 1918ರಲ್ಲಿ ಅವರು ವೆಲ್ಲೂರಿನಲ್ಲಿ ತೆರೆದದ್ದು ಹೆಣ್ಣುಮಕ್ಕಳಿಗಾಗಿಯೇ ಒಂದು ವೈದ್ಯಕೀಯ ಶಾಲೆ.

ಸೂಕ್ಷ್ಮಜೀವಿಗಳ ಪಾಠದಲ್ಲಿ ಒಂದು ಸಂಗತಿ ಬರುತ್ತದೆ. ಬ್ಯಾಕ್ಟೀರಿಯಾಗಳನ್ನು ಒಂದು ಬಗೆಯ ಆಹಾರದ್ರವದಿಂದ ಇನ್ನೊಂದಕ್ಕೆ ಹಾಕಿದರೆ ಸ್ವಲ್ಪ ಹೊತ್ತು ಅವುಗಳ ಸಂಖ್ಯೆ ಏರುವುದೇ ಇಲ್ಲ. ನಕ್ಷೆಯಲ್ಲಿ ಗೆರೆ ಚಪ್ಪಟೆಯಾಗಿ ಮಲಗಿರುತ್ತದೆ. ವಿದ್ಯಾರ್ಥಿಗಳು "ಏನೂ ಆಗುತ್ತಿಲ್ಲ ಸಾರ್" ಎನ್ನುತ್ತಾರೆ. ಆಗುತ್ತಿರುತ್ತದೆ. ಹೊಸ ಆಹಾರವನ್ನು ಅರಗಿಸಲು ಬೇಕಾದ ಕಿಣ್ವಗಳನ್ನು ಅವು ಆ ಹೊತ್ತಿನಲ್ಲಿ ತಯಾರಿಸಿಕೊಳ್ಳುತ್ತಿರುತ್ತವೆ. ಆಮೇಲೆ ಗೆರೆ ಏಕಾಏಕಿ ಮೇಲೇಳುತ್ತದೆ. ಆದರೆ ಎಲ್ಲ ಚಪ್ಪಟೆ ಗೆರೆಯೂ ಇದೇ ಎಂದು ತಿಳಿಯಬಾರದು. ಸತ್ತ ಬ್ಯಾಕ್ಟೀರಿಯಾದ ಗೆರೆಯೂ ಚಪ್ಪಟೆಯೇ.

ಅಮೆರಿಕದ ಬಿಡುವಿನ ವರ್ಷಗಳಲ್ಲೂ ಎಲ್ಲವೂ ಫಾರ್ಮರ್ ಮಾದರಿಯವಲ್ಲ. ಅರ್ಜಿಗೆ ಅಲಂಕಾರವಾಗಲೆಂದು ಬಡ ದೇಶಗಳಿಗೆ ಎರಡು ವಾರ ಹೋಗಿ, ಇನ್ನೂ ಏನೂ ಕಲಿಯದ ಕೈಯಿಂದ ಹೊಲಿಗೆ ಹಾಕಿ, ಫೋಟೋ ತೆಗೆಸಿಕೊಂಡು ಬರುವವರೂ ಇದ್ದಾರೆ. ತಮ್ಮ ಊರಿನಲ್ಲಿ ಮುಟ್ಟಲು ಬಿಡದ ರೋಗಿಯನ್ನು ಇಲ್ಲಿಯಾದರೆ ಮುಟ್ಟಬಹುದು! ಇದು ಮಿತಿ ಮೀರಿದ್ದರಿಂದಲೇ ವೈದ್ಯಕೀಯ ಕಾಲೇಜುಗಳ ಸಂಘ 2011ರಲ್ಲಿ, ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳು ಏನು ಮಾಡಬಹುದು, ಏನು ಮಾಡಕೂಡದು ಎಂದು ಮಾರ್ಗಸೂಚಿ ಹೊರಡಿಸಬೇಕಾಯಿತು. ಹಣದ ಮಾತೂ ಇದೆ. ಅಪ್ಪ ಮನೆ ಬಾಡಿಗೆ ಕಟ್ಟಿದರೆ ಮಗ ಪುಕ್ಕಟೆ ಸೇವೆ ಮಾಡಬಹುದು. ಬಾಡಿಗೆ ತಾನೇ ಕಟ್ಟಬೇಕಾದ ಹುಡುಗಿ ಸ್ಕ್ರೈಬ್ ಕೆಲಸದ ಅಲ್ಪ ಸಂಬಳದಲ್ಲಿ ಎಂಕ್ಯಾಟ್ ಶುಲ್ಕ, ಅರ್ಜಿ ಶುಲ್ಕ ಹೊಂದಿಸಬೇಕು. ಅವಳ ವರ್ಷಕ್ಕೂ ಅವನ ವರ್ಷಕ್ಕೂ ಸಂದರ್ಶನದ ಮೇಜಿನ ಮೇಲೆ ಒಂದೇ ಬೆಲೆ ಸಿಗುತ್ತದೆಯೇ ಎಂಬುದು ಅನುಮಾನವೇ.

ಇನ್ನು ನಮ್ಮಲ್ಲಿ. ಇಲ್ಲಿ ಪದವಿಯ ಮೆಟ್ಟಿಲು ಇಲ್ಲ. ಡಿಸೆಂಬರ್ 31ಕ್ಕೆ 17 ತುಂಬಿದರೆ ಸಾಕು, ಎಂ.ಬಿ.ಬಿ.ಎಸ್. ಸೇರಬಹುದು. ಹಳ್ಳಿಯ ವರ್ಷ ಇಲ್ಲಿ ಬರುವುದು ಓದಿನ ಹಿಂದೆ, ಅದೂ ಕಾನೂನಿನ ಮೂಲಕ. 2012ರಲ್ಲಿ ಕರ್ನಾಟಕ ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸರ್ಕಾರಿ ಸೇವೆಯ ಕಾಯ್ದೆ ಮಾಡಿತು, ಆಮೇಲೆ ಅದು ಕೋರ್ಟು, ತಿದ್ದುಪಡಿಗಳನ್ನು ಕಂಡಿತು. ಓದಿನ ಮುಂಚೆ ಬರುವ ವರ್ಷವೆಂದರೆ ನಮಗೆ ಗೊತ್ತಿರುವುದು ರಿಪೀಟರ್‌ಗಳ ವರ್ಷ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ಇದ್ದ ಎಂ.ಬಿ.ಬಿ.ಎಸ್. ಸೀಟು ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಸಿಗದವರಲ್ಲಿ ಅನೇಕರು 'ಲಾಂಗ್ ಟರ್ಮ್' ಕೋಚಿಂಗ್ ಸೇರುತ್ತಾರೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಬಹು ಆಯ್ಕೆಯ ಪ್ರಶ್ನೆಗಳು, ಭಾನುವಾರ ಪರೀಕ್ಷೆ, ಸೋಮವಾರ ರ‍್ಯಾಂಕ್ ಪಟ್ಟಿ. ಹದಿನೆಂಟು ತುಂಬಿದ ಹುಡುಗಿ ಹೃದಯದ ನಾಲ್ಕು ಕೋಣೆಗಳ ಮೇಲೆ ನಾಲ್ಕು ನೂರು ಪ್ರಶ್ನೆ ಬಿಡಿಸಿರುತ್ತಾಳೆ, ಇನ್ನೊಬ್ಬರ ನಾಡಿ ಒಮ್ಮೆಯೂ ಹಿಡಿದಿರುವುದಿಲ್ಲ. ಆ ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. 720ರಲ್ಲಿ ಎಷ್ಟು ಎಂಬುದೊಂದೇ ಕೇಳುವ ಕಡೆ ಬೇರೆ ಏನು ಮಾಡಿದರೂ ಅದು ಅಂಕ ಕಳೆಯುವ ದಾರಿಯೇ.

ಒಂದು ಮಾತಂತೂ ತಂದೆತಾಯಂದಿರು ತಿಳಿದಿರಬೇಕು. ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಗಿದೆ. ಹದಿನೆಂಟಕ್ಕೆ ಸಿಗದ ಸೀಟಿಗೆ ಇಪ್ಪತ್ತೆರಡಕ್ಕೆ, ಬಿ.ಎಸ್ಸಿ.ಯನ್ನೋ ನರ್ಸಿಂಗನ್ನೋ ಮುಗಿಸಿ ಪ್ರಯತ್ನಿಸಲೂ ನಿಯಮದ ಅಡ್ಡಿಯಿಲ್ಲ. ಅಡ್ಡಿ ಇರುವುದು "ನಿಮ್ಮ ಮಗಳದ್ದು ಏನಾಯ್ತು?" ಎಂದು ಕೇಳುವ ನೆಂಟರಲ್ಲಿ. ಬಾಗಿಲು ಹಾಕಿಕೊಂಡು ಓದುವ ಮಗುವನ್ನು ವಾರಕ್ಕೊಂದು ಮಧ್ಯಾಹ್ನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಜ್ಜಿಯ ಬಿ.ಪಿ. ಮಾತ್ರೆ ತರಲು ಕಳಿಸಿ ನೋಡಬಹುದು. ಸಾಲಿನಲ್ಲಿ ನಿಂತವರ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಎರಡು ಗಂಟೆ ಹೋದರೆ ಹೋಯಿತು.

ಅತ್ತ ಆಂಬುಲೆನ್ಸಿನ ಮೊಮ್ಮಗನಿಗೆ ಈಗ ರಾತ್ರಿ ಪಾಳಿ. ಬಿದ್ದು ಸೊಂಟ ಮುರಿದುಕೊಂಡ ಮುದುಕರನ್ನು ಮಹಡಿಯಿಂದ ಇಳಿಸುವುದೇ ಹೆಚ್ಚಿನ ಕೆಲಸವಂತೆ. ಹೇಗೆ ಎತ್ತಿದರೆ ಅವರಿಗೆ ನೋವು ಕಡಿಮೆ ಎಂಬುದನ್ನು ಅವನು ವಿಡಿಯೋ ಕರೆಯಲ್ಲಿ ವಿವರಿಸಿದಾಗ, ತಾವೇ ಮಹಡಿ ಇಳಿಯಲು ಕೈ ಹಿಡಿಸಿಕೊಳ್ಳುವ ಅಜ್ಜ ಮೊದಲ ಬಾರಿಗೆ ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡರೆ ಆಶ್ಚರ್ಯವಿಲ್ಲ. ಕೊನೆಗೆ ಅವರು ಕೇಳುವ ಪ್ರಶ್ನೆಯೂ ಬೇರೆಯಾಗಿರುತ್ತದೆ: "ಅಷ್ಟು ಹೊತ್ತಿನಲ್ಲಿ ಊಟಕ್ಕೆ ಏನು ಮಾಡ್ಕೋತೀಯೋ?"